ಮುಟ್ಟಬೇಡಿ

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತಾ ಕೂತಿದ್ದೆವು. ಸೀನಣ್ಣ ಬಂದವನೇ ಕುರ್ಚಿ ಎಳೆದುಕೊಂಡ.

"ನಮ್ಮನ್ನ ಮ್ಯೂಸಿಯಂಗೆ ಹಾಕಿಬಿಟ್ಟರು ಕಣ್ರಯ್ಯಾ!"

"ಯಾರು?" ಎಂದರು ಮೇಷ್ಟ್ರು.

"ಒಂದು ಯೂನಿವರ್ಸಿಟಿ ಲೈಬ್ರರಿಯವರು. ಹೆಸರು ಬೇಡ, ಆಮೇಲೆ ಒಳಗೆ ಬಿಡಲ್ಲ. ಬಾಗಿಲಲ್ಲೇ ಆಳೆತ್ತರದ ಬೋರ್ಡುಗಳು, ಬಣ್ಣದ ಲೈಟು, ಸೆಲ್ಫಿ ತೆಗೆಯೋಕೆ ಒಂದು ಚೌಕಟ್ಟು. 'ನಮ್ಮ ಇತಿಹಾಸ' ಅಂತೆ. ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ಏನು ಗೊತ್ತಾ? ಪುಸ್ತಕ ಹುಡುಕೋ ಕ್ಯಾಟಲಾಗ್ ಡ್ರಾಯರು! ಕಂಬಿಗೆ ಪೋಣಿಸಿದ ಕಾರ್ಡು, ಅಂಚೆಲ್ಲಾ ಕರ್ರಗಾಗಿದೆ. ಪಕ್ಕದಲ್ಲಿ 'ಮುಟ್ಟಬೇಡಿ' ಅಂತ ಚೀಟಿ. ಆ ಕಪ್ಪು ನಮ್ಮಂಥವರು ಮುಟ್ಟಿ ಮುಟ್ಟಿ ಬಂದಿದ್ದು!"

"ಇತಿಹಾಸ ತೋರಿಸಿದರೆ ತಪ್ಪೇನು?" ಗೋಪಿ ಸುಮ್ಮನಿರುವವನಲ್ಲ. "1916ರ ಜುಲೈ 27ಕ್ಕೆ ಮೈಸೂರು ಯೂನಿವರ್ಸಿಟಿ ಶುರುವಾಗಿದ್ದು. ನಾಲ್ವಡಿಯವರ ಕಾಲ. ದಿವಾನರು ನಮ್ಮ ಪಕ್ಕದ ಜಿಲ್ಲೆ ಮುದ್ದೇನಹಳ್ಳಿಯವರು. ಹೆಮ್ಮೆ ಬೇಡ್ವಾ?"

"ಬೇಕಪ್ಪಾ. ಆದರೆ ನಮ್ಮ ಮನೆ ನೋಡು. ಅಪ್ಪನ ಡಿಗ್ರಿ ಮೈಸೂರಿಂದು. 1964ರಲ್ಲಿ ಬೆಂಗಳೂರಿಂದು ಹುಟ್ಟಿತು, ಆಮೇಲೆ ನಮ್ಮ ಜಿಲ್ಲೆ ಅದರ ಪಾಲಿಗೆ ಬಂತು, ನನ್ನದು ಅಲ್ಲಿ. 2004ರಲ್ಲಿ ತುಮಕೂರಿಗೇ ಒಂದು ಬಂತು, ಮಗಳದ್ದು ಇಲ್ಲಿ. ಮೂರು ತಲೆಮಾರು ಓದಿದ್ದು ಒಂದೇ ಕಾಲೇಜು. ಅಪ್ಪ ಕೈವಾರದ ಮೊನೆಯಿಂದ ಹೆಸರು ಕೊರೆದ ಬೆಂಚಿನ ಮೇಲೇ ಮಗಳು ಕೂತಿದ್ದಳು. ಆ ಬೆಂಚನ್ನ ಯಾವ ಯೂನಿವರ್ಸಿಟಿ ಬೋರ್ಡಿಗೆ ಹಾಕ್ತೀಯ?"

ಗೋಪಿ ಚಟ್ನಿಯ ಕಡೆ ತಿರುಗಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಿವೃತ್ತಿಯಾದರೂ ಪೀರಿಯಡ್ಡು ಮುಗಿದಿಲ್ಲ.

"ಲೈಬ್ರರಿಗೆ ಎಸ್. ಆರ್. ರಂಗನಾಥನ್ ಐದು ಸೂತ್ರ ಬರೆದಿಟ್ಟಿದ್ದಾರೆ. 1931ರಲ್ಲಿ. ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ."

"ಉಳಿಸಿದ್ದಾರೆ ಸಾರ್! ಬೋರ್ಡಿಗೆ ಜಾಗ ಬೇಕು ಅಂತ ಓದೋ ಮೇಜನ್ನೇ ಎತ್ತಿದ್ದಾರೆ. ಓದೋ ಸಮಯ ಪೂರ್ತಿ ಉಳಿಯಿತು."

ಇಡ್ಲಿ ಬಂತು. ಮೇಲೆ ಬೆಣ್ಣೆ ಕರಗುವ ತನಕ ಯಾರೂ ಮಾತಾಡಲಿಲ್ಲ.

"ಈಗ ಕಂಪ್ಯೂಟರಲ್ಲಿ ಹೆಸರು ಹೊಡೆದರೆ ಪುಸ್ತಕ ತಕ್ಷಣ ಸಿಗುತ್ತೆ" ಎಂದ ಗೋಪಿ.

"ಕೇಳಿದ್ದು ಸಿಗುತ್ತೆ. ಡ್ರಾಯರಲ್ಲಿ ಕೇಳದೇ ಇದ್ದದ್ದೂ ಸಿಗ್ತಿತ್ತು. ರೇಖಾಗಣಿತ ಹುಡುಕ್ತಾ ಹೋದೆ. ಎರಡು ಕಾರ್ಡು ಆಚೆಗೆ ರೇಷ್ಮೆ ಸಾಕಾಣಿಕೆ. ಅದನ್ನೇ ತಗೊಂಡು ಬಂದೆ. ಗಣಿತದಲ್ಲಿ ಫೇಲು. ಆದರೆ ಇವತ್ತು ಈ ಇಡ್ಲಿ ತಿನ್ನಿಸ್ತಿರೋದು ಹಿಪ್ಪುನೇರಳೆ ತೋಟ."

"ಆ ಪುಸ್ತಕ ವಾಪಸ್ ಕೊಟ್ಟೆಯಾ?" ಮೇಷ್ಟ್ರು ಮೇಷ್ಟ್ರೇ.

ಸೀನಣ್ಣ ಇಡ್ಲಿ ಮುರಿಯುವುದನ್ನು ನಿಲ್ಲಿಸಿದ.

"ಮನೇಲಿದೆ. ಹಿಂದಿನ ಡೇಟ್ ಸ್ಲಿಪ್ಪಲ್ಲಿ ಎರಡೇ ಸೀಲು. ನಂದು 1986. ಅದರ ಮೇಲಿಂದು ಹನ್ನೊಂದು ವರ್ಷ ಹಳೇದು. ಆ ಪುಣ್ಯಾತ್ಮ ಯಾರೋ, ಹುಳಕ್ಕೆ ಸೊಪ್ಪು ಹಾಕೋ ಪುಟದಲ್ಲಿ ಪೆನ್ಸಿಲಿಂದ 'ನಮ್ಮಮ್ಮ ಹಿಂಗೇ ಮಾಡೋದು' ಅಂತ ಬರೆದಿದ್ದಾನೆ. ಹೊಸ ಮೊಟ್ಟೆ ತಂದಾಗೆಲ್ಲ ಒಂದ್ಸಲ ತೆಗೆದು ನೋಡ್ತೀನಿ."

"ಕೊಟ್ಟುಬಿಡು, ಗಾಜಿನೊಳಗೆ ಇಡ್ತಾರೆ."

"ಅದಕ್ಕೇ ಕೊಡಲ್ಲ."

ಗೋಪಿ ಮೊಬೈಲ್ ತೆಗೆದ. "ದಿನಕ್ಕೆ ಹತ್ತು ಪೈಸೆ ಅಂದರೂ ನಲವತ್ತು ವರ್ಷಕ್ಕೆ 1,460 ರೂಪಾಯಿ ದಂಡ ಸೀನಣ್ಣಾ!"

"ಹೌದಾ? ಹಾಗಾದರೆ ಇಡ್ಲಿ ಬಿಲ್ಲು ನೀನೇ ಕೊಡು. ನಾನು ಸಾಲದಲ್ಲಿದ್ದೀನಿ."