ಮಕ್ಕಳ ಕಷ್ಟವನ್ನು ತೋರಿಸುವ ಸಾಕ್ಷ್ಯಚಿತ್ರಗಳನ್ನು ಹೇಗೆ ಆರಿಸಬೇಕು?

ಪ್ರಶ್ನೆ: ಪ್ರದರ್ಶನ ಸಂಘಟಕಿ

ಎಲ್ಲರಿಗೂ ನಮಸ್ಕಾರ. ಬಡ ಕುಟುಂಬಗಳ ಮಕ್ಕಳ ಆರೋಗ್ಯ, ಶಿಕ್ಷಣ ಮತ್ತು ರಕ್ಷಣೆಯ ಕೆಲಸದಲ್ಲಿ ತೊಡಗಿರುವ ಸ್ವಯಂಸೇವಕರಿಗಾಗಿ ನಾವು ಕೆಲವರು ಸೇರಿ ಸಾಕ್ಷ್ಯಚಿತ್ರಗಳ ಪ್ರದರ್ಶನ ನಡೆಸುತ್ತಿದ್ದೇವೆ. ಚಿತ್ರ ಮುಗಿದ ಮೇಲೆ ಚರ್ಚೆ ಇರುತ್ತದೆ. ಈ ಚರ್ಚೆಗಳಲ್ಲಿ ಕಂಡ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ಒಂದೇ ಮಗುವಿನ ಕಥೆಯನ್ನು ಹಿಡಿದು ಸಾಗುವ ಚಿತ್ರವಾದರೆ ನೋಡುವವರ ಕಣ್ಣು ತೇವವಾಗುತ್ತದೆ, ಆ ಮಗು ಈಗ ಎಲ್ಲಿದೆ, ಅದಕ್ಕೆ ಹಣ ಕಳಿಸಬಹುದೇ ಎಂದು ಕೇಳುತ್ತಾರೆ. ಆದರೆ ಅದೇ ಬೀದಿಯ ಉಳಿದ ಮಕ್ಕಳು ಏಕೆ ಶಾಲೆ ಬಿಟ್ಟರು, ಅವರ ತಾಯಂದಿರಿಗೆ ಸಿಗುವ ಕೂಲಿ ಎಷ್ಟು, ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರು ತೀರಾ ಕಡಿಮೆ. ಚಿತ್ರದಲ್ಲಿಯೇ ಆ ಪ್ರಶ್ನೆಗಳಿಗೆ ಜಾಗವಿರುವುದಿಲ್ಲ ಎಂಬುದು ನನ್ನ ಅನುಮಾನ.

ನನ್ನ ಪ್ರಶ್ನೆಗಳು ಎರಡು. ಮಕ್ಕಳ ಕಲ್ಯಾಣದ ಬಗ್ಗೆ ನಿಜವಾಗಿ ಏನನ್ನಾದರೂ ಕಲಿಸುವ ಸಾಕ್ಷ್ಯಚಿತ್ರವನ್ನು ಗುರುತಿಸುವುದು ಹೇಗೆ? ಎರಡನೆಯದು, ಚಿತ್ರದಲ್ಲಿ ಕಾಣಿಸಿಕೊಂಡಿರುವ ಮಗುವಿನ ಒಪ್ಪಿಗೆಯನ್ನು ಕುರಿತದ್ದು. ಹೆತ್ತವರು ಸಹಿ ಹಾಕಿದ್ದಾರೆ ಎಂದ ಮಾತ್ರಕ್ಕೆ ಮಗುವಿನ ಮುಖವನ್ನೂ ಮನೆಯ ಗುಟ್ಟನ್ನೂ ಎಲ್ಲರ ಮುಂದೆ ತೆರೆದಿಡುವುದು ಸರಿಯೇ? ಅಂಥ ಚಿತ್ರವನ್ನು ತೋರಿಸುವ ನಮಗೂ ಅದರಲ್ಲಿ ಹೊಣೆ ಇದೆಯಲ್ಲವೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಸಂಕಲನಕಾರ

ನಾನು ಸಾಕ್ಷ್ಯಚಿತ್ರಗಳ ಸಂಕಲನ ಮಾಡುವವನು. ನಿಮ್ಮ ಅನುಮಾನ ಸರಿಯಾಗಿಯೇ ಇದೆ, ಅದರ ಮೂಲ ನಮ್ಮ ಕಸುಬಿನಲ್ಲಿಯೇ ಇದೆ. ದೃಶ್ಯಗಳನ್ನು ಜೋಡಿಸಲು ಕುಳಿತಾಗ ನಮಗೆ ಮೊದಲು ಬೇಕಾಗುವುದು ಒಂದು ಮುಖ ಮತ್ತು ಒಂದು ಬದಲಾವಣೆ. ಆರಂಭದಲ್ಲಿ ಇದ್ದ ಸ್ಥಿತಿ ಕೊನೆಯಲ್ಲಿ ಇರಬಾರದು ಎಂಬುದು ಕಥೆ ಹೇಳುವವರೆಲ್ಲರ ಆಸೆ. ಹಾಗಾಗಿ ಬಡತನದ ನೂರಾರು ಸಮಸ್ಯೆಗಳಲ್ಲಿ, ಒಂದೇ ಸಲಕ್ಕೆ ಪರಿಹಾರವಾಗಬಲ್ಲ, ಪರಿಹಾರವಾದದ್ದು ಕಣ್ಣಿಗೆ ಕಾಣುವಂಥ ಸಮಸ್ಯೆಯನ್ನೇ ಚಿತ್ರಗಳು ಆರಿಸಿಕೊಳ್ಳುತ್ತವೆ.

ಮೇಗನ್ ಮೈಲನ್ ಅವರ 2008ರ 'ಸ್ಮೈಲ್ ಪಿಂಕಿ'ಯನ್ನು ನೋಡಿ. ಉತ್ತರ ಪ್ರದೇಶದ ಹಳ್ಳಿಯೊಂದರ ಹೆಣ್ಣುಮಗುವಿಗೆ ಸೀಳುತುಟಿ ಇರುತ್ತದೆ, ವಾರಾಣಸಿಯ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆಯಾಗುತ್ತದೆ, ಮಗು ನಗುತ್ತಾ ಮನೆಗೆ ಹಿಂದಿರುಗುತ್ತದೆ. ಈ ಕಿರು ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂತು. ಅದರಲ್ಲಿ ಸುಳ್ಳೇನೂ ಇಲ್ಲ. ಊರೂರು ತಿರುಗಿ ಮಕ್ಕಳನ್ನು ಹುಡುಕುವ ಸಮಾಜ ಕಾರ್ಯಕರ್ತನ ದುಡಿಮೆಯನ್ನು ತೋರಿಸಿರುವುದಂತೂ ನನಗೆ ಬಹಳ ಇಷ್ಟವಾದ ಭಾಗ. ಆದರೆ ಎಲ್ಲ ಸಮಸ್ಯೆಗಳೂ ಹೀಗೆ ಶಸ್ತ್ರಚಿಕಿತ್ಸೆಯಂತೆ ಮುಗಿಯುತ್ತವೆ ಎಂಬ ನಂಬಿಕೆಯನ್ನು ಪ್ರೇಕ್ಷಕರು ಮನೆಗೆ ಕೊಂಡೊಯ್ದರೆ ಅದು ಅಪಾಯ.

ಏಕೆಂದರೆ ಅಪೌಷ್ಟಿಕತೆಗೆ ಅಂಥ 'ಮೊದಲು' ಮತ್ತು 'ಆಮೇಲೆ' ಇಲ್ಲ. ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು 1000 ದಿನಗಳಲ್ಲಿ ತಾಯಿಗೂ ಮಗುವಿಗೂ ಸಿಗಬೇಕಾದದ್ದು ಸಿಗದಿದ್ದರೆ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆ ಕುಂಠಿತವಾದ ಮಗು ಕ್ಯಾಮೆರಾದ ಕಣ್ಣಿಗೆ ರೋಗಿಯಂತೆ ಕಾಣುವುದೇ ಇಲ್ಲ, ವಯಸ್ಸಿಗಿಂತ ಸ್ವಲ್ಪ ಚಿಕ್ಕ ಮಗುವಿನಂತೆ ಕಾಣುತ್ತದೆ, ಅಷ್ಟೇ. ಓಡಾಡುತ್ತದೆ, ನಗುತ್ತದೆ. ಅಪೌಷ್ಟಿಕತೆಯ ಇಂಥ ಕಾಣದ ನಷ್ಟಗಳನ್ನು ತೋರಿಸಲು ನಿರ್ದೇಶಕರು ಬೇರೆ ದಾರಿ ಹುಡುಕಬೇಕಾಗುತ್ತದೆ.

ಆ ದಾರಿಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ಅಳತೆಯ ದೃಶ್ಯ. ಆರೋಗ್ಯ ಕಾರ್ಯಕರ್ತೆ ಮಗುವಿನ ಎಡತೋಳಿನ ನಡುಭಾಗಕ್ಕೆ ಕೆಂಪು, ಹಳದಿ, ಹಸಿರು ಬಣ್ಣಗಳಿರುವ ಪಟ್ಟಿಯನ್ನು ಸುತ್ತುತ್ತಾಳೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿ ಕೆಂಪು ತೋರಿಸುತ್ತದೆ, 11.5ರಿಂದ 12.5ರ ನಡುವೆ ಇದ್ದರೆ ಹಳದಿ. ಪಟ್ಟಿ ಅಳೆಯುವುದು ಕುಂಠಿತ ಎತ್ತರವನ್ನಲ್ಲ, ಮಗು ಸೊರಗಿರುವುದನ್ನು; ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ, ಮಗುವಿಗೆ ತಡಮಾಡದೆ ಚಿಕಿತ್ಸೆ ಬೇಕು. ಈ ಪಟ್ಟಿಯನ್ನು ಓದುವುದು ಹೇಗೆಂದು ಪ್ರೇಕ್ಷಕರಿಗೆ ಅರ್ಥವಾಗುವಷ್ಟು ಹೊತ್ತು ಆ ದೃಶ್ಯದಲ್ಲಿ ನಿಲ್ಲುವ ಚಿತ್ರ, ಮಗುವಿನ ಅಳುವ ಮುಖದ ಮೇಲೆ ಪಿಟೀಲು ನುಡಿಸುವ ಚಿತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಮಗುವಿನ ಸುತ್ತ ಇರುವ ಕೆಲಸಗಾರರು, ದಾಖಲೆಗಳು, ದೂರಗಳು ಮತ್ತು ಕಾಯುವಿಕೆ ಚಿತ್ರದಲ್ಲಿ ಎಷ್ಟು ಇವೆ ಎಂದು ನೋಡಿ.

ಉತ್ತರ 2: ಮಕ್ಕಳ ಹಕ್ಕುಗಳ ಕಾರ್ಯಕರ್ತೆ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಚಿತ್ರೀಕರಣದ ಒಪ್ಪಿಗೆಯ ವಿಷಯ ನನ್ನ ಕೆಲಸದಲ್ಲಿ ಆಗಾಗ ಎದುರಾಗುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ ಮಗುವಿನ ಹಿತಕ್ಕೆ ಪ್ರಾಧಾನ್ಯ ನೀಡಬೇಕೆನ್ನುತ್ತದೆ. 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. 16ನೇ ವಿಧಿ ಅದರ ಖಾಸಗಿತನವನ್ನು ಕಾಪಾಡುತ್ತದೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹೆತ್ತವರ ಸಹಿ ಎಂಬುದು ಒಪ್ಪಿಗೆಯ ಆರಂಭವೇ ಹೊರತು ಅಂತ್ಯವಲ್ಲ ಎಂಬುದು ಸ್ಪಷ್ಟ. ಆ ಸಹಿಯನ್ನು ಯಾವ ಸ್ಥಿತಿಯಲ್ಲಿ ಪಡೆಯಲಾಯಿತು ಎಂಬುದನ್ನೂ ಕೇಳಬೇಕು. ಔಷಧಿ, ಶಾಲಾ ಶುಲ್ಕ ಅಥವಾ ಪಡಿತರ ಕೊಡುವ ಸಂಸ್ಥೆಯ ಜೊತೆಯಲ್ಲಿಯೇ ಕ್ಯಾಮೆರಾ ಬಂದರೆ ಬಡ ತಾಯಿಯೊಬ್ಬಳಿಗೆ ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟು ಉಳಿದಿರುತ್ತದೆ?

ಇನ್ನೊಂದು ಮಾತು. ಏಳು ವರ್ಷದ ಮಗು ಇಂದು ಹೂಂ ಎಂದದ್ದಕ್ಕೆ ಇಪ್ಪತ್ತೇಳನೆಯ ವಯಸ್ಸಿನಲ್ಲಿಯೂ ಬದ್ಧವಾಗಿರಬೇಕೇ? ಇದನ್ನು ಯೋಚಿಸಲು ಬ್ರಿಟನ್ನಿನ 'ಸೆವೆನ್ ಅಪ್' ಸರಣಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1964ರಲ್ಲಿ ಗ್ರನಾಡಾ ಟೆಲಿವಿಷನ್ ಬೇರೆ ಬೇರೆ ವರ್ಗಗಳ 14 ಮಕ್ಕಳನ್ನು ಚಿತ್ರೀಕರಿಸಿತು. ಅವರಲ್ಲಿ ಇಬ್ಬರು ಬಾಲಗೃಹವೊಂದರಲ್ಲಿ ಬೆಳೆಯುತ್ತಿದ್ದವರು. ಆಮೇಲೆ ಮೈಕಲ್ ಆಪ್ಟೆಡ್ ಪ್ರತಿ ಏಳು ವರ್ಷಕ್ಕೊಮ್ಮೆ ಅವರ ಬಳಿಗೆ ಹಿಂದಿರುಗಿದರು. 2019ರಲ್ಲಿ ಆ ಮಕ್ಕಳು 63ರ ವಯಸ್ಸಿನಲ್ಲಿದ್ದಾಗಿನ ಚಿತ್ರವೂ ಬಂತು. ಹುಟ್ಟಿದ ವರ್ಗ ಬದುಕನ್ನು ಎಷ್ಟರಮಟ್ಟಿಗೆ ತೀರ್ಮಾನಿಸುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಕೃತಿ ಅಪರೂಪ. ಆದರೆ ಅವರಲ್ಲಿ ಕೆಲವರು ನಡುವೆ ಹೊರಗುಳಿದರು. ಒಬ್ಬರು 28ನೆಯ ವಯಸ್ಸಿನಲ್ಲಿ ಆಡಿದ ಮಾತಿಗೆ ಪತ್ರಿಕೆಗಳಿಂದ ಕಟು ಟೀಕೆ ಬಂದದ್ದರಿಂದ ಸರಣಿಯನ್ನೇ ಬಿಟ್ಟು, 56ನೆಯ ವಯಸ್ಸಿನ ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು. ಹೊರಗುಳಿಯುವ ಆ ಬಾಗಿಲು ಅವರಿಗೆ ತೆರೆದಿತ್ತು ಎಂಬುದು ದೊಡ್ಡದು. ಅಂತರ್ಜಾಲದಲ್ಲಿ ಒಮ್ಮೆ ಹರಡಿದ ಚಿತ್ರದಲ್ಲಿರುವ ಬಡ ಮಗುವಿಗೆ ಆ ಬಾಗಿಲೂ ಇರುವುದಿಲ್ಲ.

ಆದ್ದರಿಂದ ಪ್ರದರ್ಶನಕ್ಕೆ ಮುನ್ನ ನಿರ್ಮಾಪಕರಿಗೆ ಪತ್ರ ಬರೆದು ಕೇಳಿ: ಮಗು ಮತ್ತು ಕುಟುಂಬ ಮುಗಿದ ಚಿತ್ರವನ್ನು ನೋಡಿದ್ದಾರೆಯೇ, ಯಾವುದಾದರೂ ದೃಶ್ಯ ಬೇಡವೆಂದರೆ ಅದನ್ನು ತೆಗೆದಿದ್ದಾರೆಯೇ, ಕಾಯಿಲೆ, ದೌರ್ಜನ್ಯ ಅಥವಾ ಅಪರಾಧದ ವಿಷಯವಿದ್ದಲ್ಲಿ ಮುಖ, ಹೆಸರು, ಶಾಲೆಯ ಸಮವಸ್ತ್ರ, ಮನೆಯ ಗುರುತು ಎಲ್ಲವನ್ನೂ ಮರೆಮಾಡಿದ್ದಾರೆಯೇ. ಎಷ್ಟೋ ಕಡೆ ಮುಖವನ್ನು ಮಸುಕುಗೊಳಿಸಿ ಸಮವಸ್ತ್ರದ ಲಾಂಛನವನ್ನು ಹಾಗೆಯೇ ಬಿಟ್ಟಿರುತ್ತಾರೆ. ಊರಿನವರಿಗೆ ಅಷ್ಟು ಸಾಕು. ಉತ್ತರ ಬಾರದಿದ್ದರೆ ಆ ಚಿತ್ರವನ್ನು ಕೈಬಿಡುವುದು ಲೇಸು ಎಂದೇ ನಾನು ಹೇಳುತ್ತೇನೆ.

ಉತ್ತರ 3: ನಿವೃತ್ತ ಶಿಕ್ಷಕ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ತಕರಾರು ಹೇಳಬೇಕಾಗಿದೆ. ಕಣ್ಣೀರನ್ನು ನಾವು ಇಷ್ಟು ಅನುಮಾನದಿಂದ ನೋಡಬೇಕಿಲ್ಲ. ಅಂಕಿಅಂಶಗಳ ವರದಿಯನ್ನು ಓದಿ ಮಕ್ಕಳ ಕೆಲಸಕ್ಕೆ ಇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಒಂದು ಮುಖವನ್ನು ನೋಡಿ ಮನಸ್ಸು ಕರಗಿ ಬಂದವರೇ ಬಹಳ. ಮರುಕ ಹುಟ್ಟಿದ ಮೇಲೆ ಅದನ್ನು ತಿಳಿವಳಿಕೆಯತ್ತ ಕರೆದೊಯ್ಯುವುದು ಚರ್ಚೆ ನಡೆಸುವವರ ಜವಾಬ್ದಾರಿ. ಎಲ್ಲವನ್ನೂ ಚಿತ್ರವೇ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ.

ಉತ್ತರ 4: ಚಿತ್ರೇತಿಹಾಸದ ವಿದ್ಯಾರ್ಥಿ

ಹಿರಿಯರ ತಕರಾರಿನಲ್ಲಿ ಸತ್ಯವಿದೆ. ಆದರೆ ಮರುಕ ಯಾರ ಕಡೆಯಿಂದ ಯಾರ ಕಡೆಗೆ ಹರಿಯುತ್ತದೆ ಎಂಬುದೂ ಮುಖ್ಯ. ಬಡವರ ಬಗ್ಗೆ ಮಾಡಿದ ಚಿತ್ರವನ್ನು ಬಡವರಲ್ಲದವರು ಮಾತ್ರ ನೋಡುವುದಾದರೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಧ ಕೆಲಸವೇ.

1935ರಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೀ ತಯಾರಿಸಿದ 'ಹೌಸಿಂಗ್ ಪ್ರಾಬ್ಲಮ್ಸ್' ಎಂಬ ಕಿರುಚಿತ್ರದಲ್ಲಿ ಲಂಡನ್ನಿನ ಸ್ಟೆಪ್ನಿ ಕೊಳೆಗೇರಿಯ ನಿವಾಸಿಗಳು ತಮ್ಮ ಮನೆಗಳಲ್ಲಿಯೇ ನಿಂತು, ಇಲಿಗಳ ಬಗ್ಗೆ, ಬಿರುಕು ಬಿಟ್ಟ ಗೋಡೆಗಳ ಬಗ್ಗೆ ತಮ್ಮದೇ ದನಿಯಲ್ಲಿ ಮಾತನಾಡುತ್ತಾರೆ. ಬಡವರ ಪರವಾಗಿ ನಿರೂಪಕರು ಮಾತನಾಡುವುದೇ ರೂಢಿಯಾಗಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಅದಕ್ಕೆ ಹಣ ಕೊಟ್ಟದ್ದು ಅನಿಲ ಉದ್ಯಮ. ಹೊಸ ವಸತಿ ಸಮುಚ್ಚಯಗಳು ಎದ್ದರೆ ಅಲ್ಲಿನ ಅಡುಗೆಮನೆಗಳಿಗೆ ಅನಿಲ ಮಾರಬಹುದಿತ್ತು. ಚಿತ್ರದ ಕೊನೆಯ ಶೀರ್ಷಿಕೆಗಳಲ್ಲಿ ಪ್ರಾಯೋಜಕರ ಹೆಸರನ್ನು ಓದುವ ಅಭ್ಯಾಸವನ್ನು ನಾನು ಕಲಿತದ್ದು ಇಂಥ ಚಿತ್ರಗಳಿಂದ. ಇಂದು ದಾನ ಸಂಗ್ರಹಿಸುವ ಸಂಸ್ಥೆಯೇ ಹಣ ಹಾಕಿದ ಚಿತ್ರದಲ್ಲಿ ಆ ಸಂಸ್ಥೆ ಸೋತ ಒಂದು ಸಂದರ್ಭವಾದರೂ ಇದೆಯೇ ಎಂದು ನೋಡಿ. ಇದ್ದರೆ ಆ ಚಿತ್ರವನ್ನು ಹೆಚ್ಚು ನಂಬಬಹುದು.

ನಾನು ಮತ್ತೆ ಮತ್ತೆ ನೆನೆಯುವುದು ಕೆನಡಾದ ಫೋಗೋ ದ್ವೀಪದ ಪ್ರಯೋಗವನ್ನು. ಮೀನುಗಾರಿಕೆ ಕುಸಿದು, ಸರ್ಕಾರ ಜನರನ್ನು ಬೇರೆಡೆಗೆ ಸ್ಥಳಾಂತರಿಸುವ ಯೋಚನೆಯಲ್ಲಿದ್ದಾಗ, 1967ರಲ್ಲಿ ಕಾಲಿನ್ ಲೋ ಮತ್ತು ಸಂಗಡಿಗರು ಅಲ್ಲಿನವರ ಮಾತುಗಳನ್ನು 27 ಚಿಕ್ಕ ಚಿಕ್ಕ ಚಿತ್ರಗಳಾಗಿ ತಯಾರಿಸಿದರು. ಮೊದಲು ತೋರಿಸಿದ್ದು ಅದೇ ದ್ವೀಪದ ಹಳ್ಳಿಗಳಲ್ಲಿ. ಒಬ್ಬರಿಗೊಬ್ಬರು ದೂರವಾಗಿದ್ದ ಹಳ್ಳಿಗಳವರು ತಮ್ಮೆಲ್ಲರ ಕಷ್ಟ ಒಂದೇ ಎಂಬುದನ್ನು ಪರದೆಯ ಮೇಲೆ ಕಂಡುಕೊಂಡರು. ಜನ ಒಪ್ಪಿದ ಮೇಲೆ ಚಿತ್ರಗಳು ಅಧಿಕಾರದಲ್ಲಿದ್ದವರನ್ನು ತಲುಪಿದವು, ಅವರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಲಾಯಿತು. ಜನ ದ್ವೀಪ ಬಿಡಲಿಲ್ಲ, ಸಹಕಾರ ಸಂಘ ಕಟ್ಟಿಕೊಂಡರು. ಚಿತ್ರವೊಂದರಿಂದಲೇ ಇದೆಲ್ಲ ಆಯಿತೆಂದು ನಾನು ಹೇಳುವುದಿಲ್ಲ, ಆದರೆ ಜನ ಪರಸ್ಪರ ಮಾತನಾಡುವುದಕ್ಕೆ ಅದು ದಾರಿ ಮಾಡಿಕೊಟ್ಟಿತು. ನಮ್ಮ ದೇಶದಲ್ಲಿಯೂ 1984ರಲ್ಲಿ ಅಹಮದಾಬಾದಿನ 'ಸೇವಾ' (ಸ್ವಯಂ ಉದ್ಯೋಗಿ ಮಹಿಳೆಯರ ಸಂಘ) ಎಂಬ ಸಂಘಟನೆಯ ಶ್ರಮಜೀವಿ ಮಹಿಳೆಯರು, ಅವರಲ್ಲಿ ಓದುಬರಹ ಬಾರದವರೂ ಇದ್ದರು, ವಿಡಿಯೋ ಕ್ಯಾಮೆರಾ ಹಿಡಿಯಲು ಕಲಿತು ತಮ್ಮ ಬದುಕಿನ ಚಿತ್ರಗಳನ್ನು ತಾವೇ ಮಾಡತೊಡಗಿದರು.

ಮಕ್ಕಳ ವಿಷಯದಲ್ಲಿ ಇದಕ್ಕೆ ಹತ್ತಿರ ಬಂದದ್ದು 'ಬಾರ್ನ್ ಇಂಟು ಬ್ರಾಥೆಲ್ಸ್'. ಕೋಲ್ಕತ್ತದ ವೇಶ್ಯಾವಾಟಿಕೆಗಳ ಬಡಾವಣೆಯಾದ ಸೋನಾಗಾಚಿಯ ಮಕ್ಕಳ ಕೈಗೆ ಸ್ಟಿಲ್ ಕ್ಯಾಮೆರಾ ಕೊಟ್ಟು ಛಾಯಾಗ್ರಹಣ ಕಲಿಸಿದ ಕಥೆ ಅದು. 2005ರಲ್ಲಿ ಆಸ್ಕರ್ ಪಡೆಯಿತು. ಆ ಮಕ್ಕಳು ತೆಗೆದ ಚಿತ್ರಗಳು ಬೆರಗು ಹುಟ್ಟಿಸುತ್ತವೆ. ಆದರೂ ಅದೇ ಬಡಾವಣೆಯ ಲೈಂಗಿಕ ಕಾರ್ಯಕರ್ತೆಯರು ದುರ್ಬಾರ್ ಎಂಬ ಸಂಘಟನೆಯಲ್ಲಿ ಒಂದಾಗಿ ಆರೋಗ್ಯಕ್ಕಾಗಿ, ಮಕ್ಕಳ ಓದಿಗಾಗಿ ನಡೆಸಿಕೊಂಡು ಬಂದ ಕೆಲಸ ಆ ಚಿತ್ರದಲ್ಲಿ ಕಾಣುವುದಿಲ್ಲ ಎಂಬ ಟೀಕೆ ಬಂತು. ಆ ಟೀಕೆ ನನಗೆ ಸರಿಯೆನಿಸುತ್ತದೆ. ತಾಯಂದಿರ ಹೋರಾಟವನ್ನು ಅಳಿಸಿಬಿಟ್ಟರೆ ಮಗುವಿಗೆ ಉಳಿಯುವುದು ಹೊರಗಿನಿಂದ ಬಂದ ಒಬ್ಬ ಉದ್ಧಾರಕ ಮಾತ್ರ. ಇದಕ್ಕೆ ವಿರುದ್ಧವಾಗಿ, ಆನಂದ್ ಪಟವರ್ಧನ್ ಅವರ 1985ರ 'ಬಾಂಬೆ: ಅವರ್ ಸಿಟಿ'ಯಲ್ಲಿ ಗುಡಿಸಲು ಕಳೆದುಕೊಂಡ ಮಹಿಳೆಯೊಬ್ಬರು, ನಮ್ಮ ಚಿತ್ರ ತೆಗೆದು ನಿಮಗಷ್ಟೇ ಹೆಸರು, ನಮಗೇನು ಬಂತು ಎಂಬರ್ಥದಲ್ಲಿ ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ನಿರ್ದೇಶಕರು ಆ ಮಾತನ್ನು ಕತ್ತರಿಸಲಿಲ್ಲ. ಅಂಥ ಒಂದು ಮಾತಿಗೆ ಜಾಗವಿರುವ ಚಿತ್ರವನ್ನು ಧೈರ್ಯವಾಗಿ ಆರಿಸಿ.

ಪ್ರದರ್ಶನ ಸಂಘಟಕಿ

ನಾಲ್ವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಉಪಪ್ರಶ್ನೆ ಉಳಿದಿದೆ. ಮುಂದಿನ ಪ್ರದರ್ಶನಕ್ಕೆ ನಾವು ಕೆಲಸ ಮಾಡುವ ಬಡಾವಣೆಯ ಹದಿಹರೆಯದ ಮಕ್ಕಳನ್ನೂ ಕರೆಯಬೇಕೆಂದಿದ್ದೇವೆ. ತಮ್ಮಂಥವರದೇ ಬದುಕನ್ನು ಪರದೆಯ ಮೇಲೆ ಕಂಡಾಗ ಅವರಿಗೆ ನೋವಾಗಬಹುದೇ?

ಉತ್ತರ 5: ಮಕ್ಕಳ ಹಕ್ಕುಗಳ ಕಾರ್ಯಕರ್ತೆ

ಆಗಬಹುದು, ಅದಕ್ಕೆ ಸಿದ್ಧತೆ ಬೇಕು. ಚಿತ್ರವನ್ನು ನೀವು ಮೊದಲೇ ಪೂರ್ತಿಯಾಗಿ ನೋಡಿ, ಹೊಡೆತ, ಸಾವು ಅಥವಾ ಅವಮಾನದ ದೃಶ್ಯಗಳಿದ್ದರೆ ಮಕ್ಕಳಿಗೆ ಮುಂಚಿತವಾಗಿ ತಿಳಿಸಿ, ಬೇಕೆಂದಾಗ ಎದ್ದು ಹೋಗಬಹುದೆಂದು ಹೇಳಿ, ಮತ್ತು ಅವರಿಗೆ ಪರಿಚಯವಿರುವ ಹಿರಿಯರೊಬ್ಬರು ಬಾಗಿಲ ಬಳಿ ಇರುವಂತೆ ನೋಡಿಕೊಳ್ಳಿ. ಮಕ್ಕಳು ಬರಿಯ ಬಲಿಪಶುಗಳಾಗಿ ಕಾಣುವ ಚಿತ್ರದ ಬದಲು ಮಕ್ಕಳು ಏನನ್ನಾದರೂ ಮಾಡುತ್ತಿರುವ, ತೀರ್ಮಾನ ತೆಗೆದುಕೊಳ್ಳುತ್ತಿರುವ ಚಿತ್ರವನ್ನು ಆರಿಸಿ.

ಚರ್ಚೆಯಲ್ಲಿ ಯಾರನ್ನೂ 'ನಿಮ್ಮ ಮನೆಯಲ್ಲೂ ಹೀಗೆಯೇ?' ಎಂದು ಕೇಳಬೇಡಿ. ಸ್ವಯಂಸೇವಕರ ಮುಂದೆ ಆ ಪ್ರಶ್ನೆ ಮಗುವನ್ನು ಮತ್ತೊಮ್ಮೆ ಪರದೆಯ ಮೇಲೆ ನಿಲ್ಲಿಸಿದಂತೆ. ಬದಲಿಗೆ, ಈ ಚಿತ್ರ ಮಾಡಿದವರು ಯಾವುದನ್ನು ತಪ್ಪಾಗಿ ತೋರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಕೇಳಿ. ಆಗ ಮಕ್ಕಳು ವಿಮರ್ಶಕರ ಸ್ಥಾನದಲ್ಲಿ ಕುಳಿತು ಮಾತನಾಡುತ್ತಾರೆ. ಸ್ವಯಂಸೇವಕರು ಅಂದು ಸುಮ್ಮನೆ ಕುಳಿತು ಕೇಳಲಿ, ಮಕ್ಕಳು ಹೇಳಿದ್ದನ್ನು ಅವರ ಹೆಸರಿಲ್ಲದೆ ಬರೆದಿಟ್ಟುಕೊಂಡು ಮುಂದಿನ ಚಿತ್ರದ ಆಯ್ಕೆಯನ್ನು ಆ ಮಕ್ಕಳ ಜೊತೆ ಕುಳಿತೇ ಮಾಡಿ.