ತಮ್ಮಗ ಅಮೇರಿಕಾದಾಗ ಕೋರ್ಟಿನ ಸಮನ್ಸ್ ಬಂದೈತಿ, ಜ್ಯೂರಿ ಅಂತ, ಏನ್ರೀ ಇದು?

ಗಿರ್ಮಿಟ್_ಹುಬ್ಬಳ್ಳಿ:
ನಮ್ಮ ತಮ್ಮ ಕ್ಯಾಲಿಫೋರ್ನಿಯಾದಾಗ ಅದಾನ, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆತು. ಮೊನ್ನೆ ಜ್ಯೂರಿ ಡ್ಯೂಟಿ ಅಂತ ಕೋರ್ಟಿಂದ ಸಮನ್ಸ್ ಬಂತಂತ, ಅಂವ ನಕ್ಕೋತ ವಾಟ್ಸಾಪ್‌ನಾಗ ಫೋಟೋ ಹಾಕ್ದ, ಇಲ್ಲಿ ಅವ್ವ ಸಮನ್ಸ್ ಅಂದಿದ್ದ ತಡ ಊಟಾನ ಬಿಟ್ಟಾಳ, ಯಾಕಂದ್ರ ನಮ್ಮಪ್ಪನ ಹೊಲದ ಕೇಸ್ ಹನ್ನೊಂದು ವರ್ಷ ನಡದಿತ್ತು, ಆಕಿಗೆ ಕೋರ್ಟಿನ ಕಾಗದ ಅಂದ್ರ ಮನಿಗೆ ಶನಿ ಬಂದಂಗ. ಸಿದ್ಧಾರೂಢ ಮಠಕ್ಕ ಹೋಗಿ ಕಾಯಿ ಒಡಿಸ್ಕೊಂಡೂ ಬಂದ್ಲು. ಅಂವ ಸಿಟಿಜನ್ ಅಲ್ಲ, ಮತ್ಯಾಕ ಕರದಾರ? ಹೋಗ್ಲಿಲ್ಲಂದ್ರ ನಡೀತೈತೇನು?

ಗದಗಿನಾಂವ (ಈಗ ನ್ಯೂಜೆರ್ಸಿ):
ಅಕ್ಕಾರ, ಅವ್ವಗ ಮೊದ್ಲ ಉಣ್ಣಾಕ ಹೇಳ್ರಿ. ಅದು ತಮ್ಮನ ಮ್ಯಾಲಿನ ಕೇಸ್ ಅಲ್ಲ, ಬ್ಯಾರೆ ಯಾರದೋ ಕೇಸ್ ಕೇಳಿ ತೀರ್ಪು ಹೇಳಾಕ ಕರದಾರ. ವೋಟರ್ ಲಿಸ್ಟು, ಡ್ರೈವಿಂಗ್ ಲೈಸೆನ್ಸ್ ಲಿಸ್ಟಿನ್ಯಾಗಿಂದ ಹೆಸರು ಎತ್ತತಾರ, ಲೈಸೆನ್ಸ್ ಇದ್ದಾವ್ರೆಲ್ಲ ಸಿಟಿಜನ್ ಇರಂಗಿಲ್ಲಲ್ಲ, ಅದಕ್ಕ ಇವಂದೂ ಬಂದೈತಿ. 18 ತುಂಬಿದ ಸಿಟಿಜನ್ ಅಷ್ಟ ಜ್ಯೂರಿ ಆಗಬಹುದು. ಆದ್ರ ಕಾಗದ ಕಸಕ್ಕ ಒಗೀಬ್ಯಾಡ ಅನ್ರಿ, ಸುಮ್ನ ಕುಂತ್ರ ಅಲ್ಲಿ 1,500 ಡಾಲರ್ ತನಕ ದಂಡ ಹಾಕಬಹುದು. ಫಾರ್ಮಿನ್ಯಾಗ ಸಿಟಿಜನ್ ಅಲ್ಲ ಅಂತ ಒಂದು ಖಾನೆ ಇರ್ತೈತಿ, ಟಿಕ್ ಮಾಡಿ ಸಹಿ ಹಾಕಿ ಕಳಿಸಿದ್ರ ಮುಗೀತು. ಜ್ಯೂರಿ ನೋಡೋ ಆಸೆಕ್ಕ ಸಿಟಿಜನ್ ಅಂತ ಸುಳ್ಳು ಬರದ್ರ ಮಾತ್ರ ಗ್ರೀನ್ ಕಾರ್ಡಿಗೇ ಕುತ್ತು, ದೇಶಾನ ಬಿಡಸ್ಬಹುದು, ಇದನ್ನ ಎರಡು ಸರ್ತಿ ಹೇಳ್ರಿ.

ನಾ ಸಿಟಿಜನ್ ಆದಮ್ಯಾಲೆ ಒಮ್ಮೆ ಹೋಗಿದ್ದೆ. ದೊಡ್ಡ ಹಾಲ್, ಟೀಚರ್, ಟ್ರಕ್ ಡ್ರೈವರ್, ಡಾಕ್ಟರ್ ಎಲ್ಲಾರೂ ಒಂದ ಸಾಲಿನ ಖುರ್ಚ್ಯಾಗ ಆಕಳಿಸ್ಕೋತ ಕುಂತಿದ್ರು. ಮಧ್ಯಾಹ್ನ ನಂಬರ್ ಕರದ್ರು, ಬಳಗದಾಗ ಯಾರರ ಪೊಲೀಸ್ ಅದಾರೇನು ಅಂತ ಜಡ್ಜ್ ಕೇಳಿದ್ರು, ಮಾಮಾ ಹಾವೇರ್ಯಾಗ ಹವಾಲ್ದಾರ್ ಇದ್ದ ಅಂದೆ, ವಕೀಲರು ಏನೋ ಗುಸುಗುಸು ಮಾಡಿದ್ರು, ನನ್ನ ಮನಿಗೆ ಕಳಿಸಿದ್ರು 😄

ಕರಿಕೋಟು_ಧಾರವಾಡ:
ಜ್ಯೂರಿ ನಮ್ಮಲ್ಲೂ ಇತ್ರೀ. 1959ರ ನಾನಾವತಿ ಕೇಸಿನ್ಯಾಗ (ನೌಕಾಪಡೆ ಅಧಿಕಾರಿ ನಾನಾವತಿ ಹೆಂಡ್ತಿ ಪ್ರಿಯಕರನ್ನ ಗುಂಡು ಹೊಡದು ಕೊಂದಿದ್ದ ಕೇಸ್) ಮುಂಬೈದಾಗ ಒಂಬತ್ತು ಮಂದ್ಯಾಗ ಎಂಟು ಮಂದಿ ನಿರ್ದೋಷಿ ಅಂದ್ರು, ಜಡ್ಜ್ ಒಪ್ಪಲಿಲ್ಲ, ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಜೀವಾವಧಿ ಆತು. ಆ ಒಂದ ಕೇಸಿಂದ ಜ್ಯೂರಿ ಹೋತು ಅಂತಾರ, ಅದು ಪೂರಾ ಖರೆ ಅಲ್ಲ, ಅದರ ನಂತರಾನೂ ಕೆಲವು ಕಡೆ ನಡದಿತ್ತು, 1973ರ ಸಿಆರ್‌ಪಿಸಿ (ಕ್ರಿಮಿನಲ್ ಕೇಸ್ ಹೆಂಗ ನಡಿಸ್ಬೇಕು ಅನ್ನೋ ಕಾಯ್ದೆ) ಬಂದಮ್ಯಾಲೆ ಮುಗೀತು. ಅಮೇರಿಕಾದಾಗ ದೊಡ್ಡ ಕ್ರಿಮಿನಲ್ ಕೇಸಿನ್ಯಾಗ ಅಪರಾಧಿ ಅನ್ನಾಕ ಜ್ಯೂರಿ ಎಲ್ಲಾರೂ ಒಂದ ಮಾತಿಗೆ ಬರಬೇಕು, ಎಲ್ಲಾ ರಾಜ್ಯಕ್ಕೂ ಇದು ಕಡ್ಡಾಯ ಅಂತ ಅಲ್ಲಿ ಸುಪ್ರೀಂ ಕೋರ್ಟ್ 2020ರಾಗ ಹೇಳ್ತು. ನಮ್ಮ ತಾಲೂಕಿನ್ಯಾಗ ಹನ್ನೆರಡು ಮಂದಿ ಆರಿಸಿದ್ರ ಎಂಟು ಮಂದಿ ಬೀಗರ ಇರ್ತಾರ, ಉಳದ ನಾಕು ಮಂದಿ ಸಾಲಾ ಕೊಟ್ಟಾವ್ರು.

ಮಿರ್ಚಿ_ಭಜಿ:
ಪಗಾರ ಕೊಡ್ತಾರೇನು?

ಗದಗಿನಾಂವ:
ಫೆಡರಲ್ ಅಂದ್ರ ಕೇಂದ್ರ ಸರ್ಕಾರದ ಕೋರ್ಟಿನ್ಯಾಗ ದಿನಕ್ಕ 50 ಡಾಲರ್, ರಾಜ್ಯದ ಕೋರ್ಟಿನ್ಯಾಗ ಚಾ ಖರ್ಚಿನಷ್ಟ ಅನ್ಕೋರಿ. ಇನ್ನೊಂದು, ಜ್ಯೂರಿ ತಪ್ಪಿಸ್ಕೊಂಡೀರಿ ಈಗ ರೊಕ್ಕ ಕಟ್ಟ್ರಿ ಅಂತ ಫೋನ್ ಬಂದ್ರ ಅದು ಕಳ್ಳರದು, ಕೋರ್ಟ್ ಹಂಗ ಫೋನಿನ್ಯಾಗ ರೊಕ್ಕ ಕೇಳಂಗಿಲ್ಲ.

ಗಿರ್ಮಿಟ್_ಹುಬ್ಬಳ್ಳಿ:
ಥ್ಯಾಂಕ್ಸ್ ರೀ ಎಲ್ಲಾರಿಗೂ. ಟಿಕ್ ಮಾಡಿ ಕಳಿಸ್ಯಾನ, ಅವ್ವ ಉಂಡ್ಲು. ಈಗ ಹೊಸಾ ತಕರಾರು ತಗದಾಳ, ಜಡ್ಜ್ ಬಾಜೂ ಕುಂತು ನ್ಯಾಯ ಹೇಳೋ ಕೆಲಸ ತಾನಾಗೇ ಮನಿತನಕ ಬಂದಿತ್ತು, ನನ್ನ ಮಗಾ ಯಾಕ ಬ್ಯಾಡ ಅಂದ ಅಂತ.