ಪಿಎಸ್5ಗೆ ಜಸ್ಟ್ ಡಾನ್ಸ್ ತಗೊಳ್ಳಬಹುದಾ? ಆಡುವವರು ಹೇಳಿ

ತುಮಕೂರು ಮಹಡಿಮನೆ:
ನಾವಿರುವುದು ತುಮಕೂರಿನ ಎಸ್.ಎಸ್. ಪುರಂನಲ್ಲಿ, ಮೊದಲ ಮಹಡಿ, ಬಾಡಿಗೆ ಮನೆ. ತಮ್ಮ ಕ್ರಿಕೆಟ್ ಗೇಮ್ ಆಡಲು ತಂದ ಪಿಎಸ್5 (ಟಿವಿಗೆ ಹಾಕುವ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಅವನು ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಸುಮ್ನೆ ಬಿದ್ದಿದೆ. ಐದನೇ ಕ್ಲಾಸಿನ ಮಗಳು ಗೆಳತಿ ಮನೆಯಲ್ಲಿ ಜಸ್ಟ್ ಡಾನ್ಸ್ ಅಂತ ಟಿವಿ ನೋಡಿ ಕುಣಿಯುವ ಗೇಮ್ ಆಡಿ ಬಂದು ಒಂದೇ ಹಟ. ಕ್ಯಾಮೆರಾ ಬೇಕಾ? ಕನ್ನಡ ಹಾಡು ಇದೆಯಾ? ಒಬ್ಬರು 2024ರ ಎಡಿಷನ್ ಬಾಕ್ಸ್, ಆಡಿ ಬಿಟ್ಟಿದ್ದು, ಅರ್ಧ ರೇಟಿಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೆಳಗಡೆ ಓನರ್ ಬೇರೆ ಇದ್ದಾರೆ, ಸದ್ದಾದರೆ ಮೇಲೆ ಬಂದೇ ಬಿಡುತ್ತಾರೆ.

ಕೋಲಾರದ ಗೇಮರ್:
ಅಕ್ಕ, ಆ ಬಾಕ್ಸ್ ಮಾತ್ರ ತಗೊಳ್ಳಬೇಡಿ. 2023ರ ಎಡಿಷನ್‌ನಿಂದ ಈಚೆಗೆ ಬಾಕ್ಸಿನಲ್ಲಿ ಡಿಸ್ಕ್ ಇರುವುದಿಲ್ಲ, ಡೌನ್‌ಲೋಡ್ ಕೋಡ್ ಇರುತ್ತದೆ. ಅವರು ಆಡಿದ್ದಾರೆ ಅಂದರೆ ಕೋಡ್ ಮುಗಿದಿದೆ, ನಿಮಗೆ ಸಿಗುವುದು ಖಾಲಿ ಡಬ್ಬಿ.

ಕ್ಯಾಮೆರಾ ಬೇಡ. ಫೋನಿಗೆ ಜಸ್ಟ್ ಡಾನ್ಸ್‌ನವರದ್ದೇ ಆ್ಯಪ್ ಹಾಕಿಕೊಂಡು ಬಲಗೈಯಲ್ಲಿ ಹಿಡಿದು ಕುಣಿಯಬೇಕು, ಆರು ಜನರವರೆಗೂ ಆಡಬಹುದು. ಫೋನ್, ಕನ್ಸೋಲ್ ಎರಡೂ ಒಂದೇ ವೈಫೈನಲ್ಲಿರಲಿ. ಪರದೆಯಲ್ಲಿ ಕುಣಿಯುವವರು ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತಾರೆ, ಮುಂದಿನ ಸ್ಟೆಪ್ ಚಿಕ್ಕ ಚಿತ್ರವಾಗಿ ಕೆಳಗೆ ಬರುತ್ತದೆ. ಒಂದು ಹಾಡಿಗೆ ಪೂರ್ತಿ ಅಂಕ 13,333, 11,000 ದಾಟಿದರೆ ಸೂಪರ್‌ಸ್ಟಾರ್, 12,000ಕ್ಕೆ ಮೆಗಾಸ್ಟಾರ್. ಮಕ್ಕಳಿಗೆ ಈ ಹುಚ್ಚು ಹಿಡಿದರೆ ಊಟಕ್ಕೂ ಬರುವುದಿಲ್ಲ.

ಶಿರಾ ಹಳೇ ಪ್ಲೇಯರ್:
ಹೀಗೆ ಕೈಯಲ್ಲಿ ಹಿಡಿದ ಫೋನಿಗೆ ಗೊತ್ತಾಗುವುದು ಕೈಯ ಚಲನೆ ಮಾತ್ರ, ಅದನ್ನೂ ಹೇಳಿ ಸ್ವಾಮಿ. ಸೋಫಾ ಮೇಲೆ ಕೂತು ಬಲಗೈ ಬೀಸಿದರೂ ಅಂಕ ಬರುತ್ತದೆ, ಕಾಲು ಏನು ಮಾಡುತ್ತಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಕೊನಾಮಿ ಕಂಪನಿಯವರ ಡಾನ್ಸ್ ಡಾನ್ಸ್ ರೆವಲ್ಯೂಷನ್ ಗೇಮ್ ಇದಕ್ಕೆ ಪೂರ್ತಿ ಉಲ್ಟಾ. 1998ರಲ್ಲಿ ಜಪಾನಿನ ಆರ್ಕೇಡ್‌ಗಳಿಗೆ (ದುಡ್ಡು ಹಾಕಿ ಗೇಮ್ ಆಡುವ ಜಾಗ) ಬಂತು, ಮರುವರ್ಷ ಪ್ಲೇಸ್ಟೇಷನ್‌ಗೂ ಬಂತು. ಮ್ಯಾಟ್ ಮೇಲೆ ನಾಲ್ಕು ಬಾಣ, ತಾಳಕ್ಕೆ ಸರಿಯಾಗಿ ತುಳಿಯಬೇಕು, ಕೈ ಜೇಬಿನಲ್ಲಿದ್ದರೂ ಪರವಾಗಿಲ್ಲ. ಮೈಯೆಲ್ಲಾ ನೋಡುತ್ತಿದ್ದದ್ದು 2010ರಲ್ಲಿ ಎಕ್ಸ್‌ಬಾಕ್ಸ್ ಕನ್ಸೋಲ್‌ನ ಕೈನೆಕ್ಟ್ ಕ್ಯಾಮೆರಾಗೆ ಬಂದ ಡಾನ್ಸ್ ಸೆಂಟ್ರಲ್ ಗೇಮ್, ಆದರೆ ಕೈನೆಕ್ಟ್ ತಯಾರಿಸುವುದನ್ನೇ 2017ರಲ್ಲಿ ನಿಲ್ಲಿಸಿಬಿಟ್ಟರು. ನನಗೆ ಕೇಳಿದರೆ ಮ್ಯಾಟೇ ಮ್ಯಾಟು. ನಿಮ್ಮ ಓನರ್‌ಗೆ ಮಾತ್ರ ಆಗಿಬರುವುದಿಲ್ಲ.

ಶಿಡ್ಲಘಟ್ಟ ಸೌಂಡು:
ಹಾಡಿನ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಈಚಿನ ಎಡಿಷನ್‌ಗಳಲ್ಲಿ 40 ಹಾಡು ಬರುತ್ತವೆ, ಹೆಚ್ಚು ಕಡಿಮೆ ಎಲ್ಲಾ ಇಂಗ್ಲಿಷ್ ಪಾಪ್, ಜೊತೆಗೆ ಒಂದಷ್ಟು ಕೊರಿಯನ್, ಸ್ಪ್ಯಾನಿಷ್. ಜಾಸ್ತಿ ಬೇಕಾದರೆ ಜಸ್ಟ್ ಡಾನ್ಸ್ ಪ್ಲಸ್ ಅಂತ ಚಂದಾ ಕಟ್ಟಬೇಕು, ಅದರಲ್ಲಿ 300ಕ್ಕೂ ಹೆಚ್ಚು ಹಾಡಿವೆ, ಆದರೆ ಚಂದಾ ನಿಂತರೆ ಹಾಡೂ ನಿಂತಿತು. ಹಿಂದೆ ಜಸ್ಟ್ ಡಾನ್ಸ್‌ನ 2 ಮತ್ತು 3ನೇ ಭಾಗದಲ್ಲಿ ಬಾಲಿವುಡ್ ಧಾಟಿಯ ಹಾಡು ಇಟ್ಟಿದ್ದರು. ಕನ್ನಡದ್ದು ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ಬಂತು, ಆ ಏಟಿಗೆ ಒಂದು ಲೆವೆಲ್ ಮಾಡಿದರೆ ಯಾವ ಪಾಪ್ ಹಾಡು ನಿಲ್ಲುತ್ತದೆ ಹೇಳಿ!

ತುಮಕೂರು ಮಹಡಿಮನೆ:
ಎಲ್ಲರಿಗೂ ಥ್ಯಾಂಕ್ಸ್. ಬಾಕ್ಸ್ ಬೇಡ ಅಂತ ಹೇಳಿದೆ, ಅವರು ಕೋಡ್ ವಿಷಯ ಕೇಳಿದ ತಕ್ಷಣ ಫೋನ್ ಇಟ್ಟರು. ಜಾಸ್ತಿ ನೆಗೆಯುವ ಹಾಡು ಯಾವುದು ಅಂತ ಮೊದಲೇ ಗೊತ್ತಾಗುತ್ತದಾ?

ಕೋಲಾರದ ಗೇಮರ್:
ಗೊತ್ತಾಗುತ್ತದೆ ಅಕ್ಕ. ಹಾಡು ಆರಿಸುವಾಗಲೇ ಎಷ್ಟು ಕಷ್ಟ, ಎಷ್ಟು ಬೆವರು ಅಂತ ತೋರಿಸುತ್ತದೆ. ಎಕ್ಸ್‌ಟ್ರೀಮ್ ಅಂತ ಇರುವುದನ್ನು ಓನರ್ ಊರಿಗೆ ಹೋದಾಗ ಹಾಕಿ. ಫೋನ್ ಹಿಡಿಯುವ ಕೈ ಬೆವರುತ್ತದೆ, ಮಗಳಿಗೆ ಹಳೇ ಫೋನ್ ಕೊಡಿ, ಕೈಗೆ ಸುತ್ತಿಕೊಳ್ಳಲು ಒಂದು ದಾರ ಇರಲಿ. ಇಲ್ಲದಿದ್ದರೆ ಟಿವಿಗೆ ಹೋಗಿ ಬೀಳುತ್ತದೆ.